ಅರ್ಧ ವಿಮಾನ, ಇಡೀ ನಿಂಬೆಹಣ್ಣು

ಬೆಂಗಳೂರಿನ ಗೆಳೆಯ ಕಳಿಸಿದ ಬಾಲ್ಸಾ ಹಲಗೆಗಳು ಹಳೇಬೀಡಿನಲ್ಲಿ ಬಸ್ಸಿಳಿದಾಗ ಪಾರ್ಥಸಾರಥಿಯ ಒಂದೇ ಕಂಕುಳಲ್ಲಿ ಹಿಡಿಸಿಬಿಟ್ಟವು. ಜೊತೆಗೆ ಬಂದ ನಕ್ಷೆಯಲ್ಲಿದ್ದ, ಕೈಯಿಂದ ತೇಲಿಬಿಡುವ ಮಾದರಿ ವಿಮಾನಕ್ಕೋ ಆರಡಿ ರೆಕ್ಕೆ. ಬೆಂಡಿನಷ್ಟು ಹಗುರವಾದ ಆ ಮರ ಅದರ ಅರ್ಧಕ್ಕೆ ಸಾಲುವಷ್ಟಿತ್ತು.

ಬೇರೆಯವರಾಗಿದ್ದರೆ ತಲೆಯ ಮೇಲೆ ಕೈಹೊತ್ತು ಕೂರುತ್ತಿದ್ದರು. ಪಾರ್ಥಸಾರಥಿ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ನಕ್ಷೆಯ ತುಂಬ ಚೌಕ ಎಳೆದು, ಬೇರೆ ಹಾಳೆಯಲ್ಲಿ ಅದರರ್ಧದ ಚೌಕ ಹಾಕಿ, ಗೆರೆಗೆ ಗೆರೆ ಇಳಿಸಿದರು. ರೆಕ್ಕೆ ಅರ್ಧ, ಬಾಲ ಅರ್ಧ, ಮೈ ಅರ್ಧ. ಮೂತಿಯೊಳಗೆ ಸೀಸದ ಗುಂಡು ಇಡಬೇಕೆಂದು ನಕ್ಷೆಯಲ್ಲಿತ್ತು. ಹಾರುವ ವಸ್ತುವಿಗೆ ಭಾರ ಹೇರುವುದು ಯಾವ ಬುದ್ಧಿವಂತಿಕೆ? ದೊಡ್ಡದಕ್ಕೆ ಬೇಕಿತ್ತೇನೋ, ಚಿಕ್ಕದಕ್ಕೆ ಯಾಕೆ ಎಂದು ಅದನ್ನು ಹೊಡೆದುಹಾಕಿದರು.

ಶನಿವಾರ ಸಂಜೆ ಕೆರೆ ಏರಿಯ ಮೇಲೆ ವಿಮಾನ ಹಾರಿದರೆ ಬೆಂಗಳೂರಿನ ವಸ್ತುಪ್ರದರ್ಶನಕ್ಕೆ ಶಾಲೆಯ ಖರ್ಚಿನಲ್ಲಿ ಹೋಗಿಬರಬಹುದು, ಹೆಂಡತಿಯೂ ಜೊತೆಗೆ ಬರಲಿ ಎಂದು ಹೆಡ್ಮಾಸ್ಟರ್ ಗಂಗಾಧರಯ್ಯ ಹೇಳಿದ್ದರು. ಹುಟ್ಟಿದಾಗಿನಿಂದ ಬೆಂಗಳೂರು ನೋಡದ ಕೋಮಲವಲ್ಲಿ ಆಗಲೇ ಧಾರೆ ಸೀರೆ ತೆಗೆದು ಗಾಳಿಗೆ ಹಾಕಿದ್ದಳು.

"ಹಾರುತ್ತೆ ತಾನೆ?"

"ಹಾರದೆ ಏನು? ಇದು ಲೆಕ್ಕ ಕಣೇ, ಜಾತಕ ಅಲ್ಲ."

ಶನಿವಾರ ಬೆಳಿಗ್ಗೆ ಉಪಾಧ್ಯಾಯರ ಕೋಣೆಯ ಮೇಜಿನ ಮೇಲೆ ವಿಮಾನ ಕೂತಿತು. ಸಂಸ್ಕೃತ ಪಂಡಿತ ಸುಬ್ಬರಾಮಯ್ಯ ಅದರ ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಹೊಸ ವಾಹನ. ಪೂಜೆ ಆಯ್ತೇನ್ರೀ?"

"ಇದು ವಾಹನ ಅಲ್ಲ ಪಂಡಿತರೇ, ಮಾದರಿ."

"ಜವಾನ ಕೆಂಚಯ್ಯನ ಸೈಕಲ್ಲಿಗೇ ಪೂಜೆ ಆಗುತ್ತೆ. ಆಕಾಶಕ್ಕೆ ಹೋಗೋದಕ್ಕೆ ಬೇಡ್ವೆ?"

ಪಾರ್ಥಸಾರಥಿ ಪಾಠ ಮುಗಿಸಿ ಬರುವಷ್ಟರಲ್ಲಿ ವಿಮಾನದ ಹಣೆಗೆ ಕುಂಕುಮ, ಮೂತಿಗೆ ದಾರದಲ್ಲಿ ಕಟ್ಟಿದ ನಿಂಬೆಹಣ್ಣು. ಕೆಂಚಯ್ಯ ಉರಿಯುವ ಕರ್ಪೂರವನ್ನು ಬಾಲದ ಹತ್ತಿರ ಹಿಡಿದಿದ್ದ. ಅದನ್ನು ಆರಿಸುವಷ್ಟರಲ್ಲಿ ಬಾಲದ ತುದಿ ಕಪ್ಪಾಗಿತ್ತು. ಮೇಷ್ಟ್ರಿಗೆ ಮೈ ಉರಿದುಹೋಯಿತು. ಕೆರೆಯ ದಾರಿಯಲ್ಲಿ ನಿಂಬೆಹಣ್ಣನ್ನು ಕಿತ್ತು ಕೋಟಿನ ಜೇಬಿಗೆ ಹಾಕಿಕೊಂಡರು.

ಏರಿಯ ಮೇಲೆ ಅರ್ಧ ಊರೇ ಸೇರಿತ್ತು. ಮೇಷ್ಟ್ರು ವಿಜ್ಞಾನದ ಮೇಲೆ ಒಂದು ಸಣ್ಣ ಭಾಷಣ ಮಾಡಿ ವಿಮಾನ ಬಿಟ್ಟರು. ಅದು ಹಟ ಹಿಡಿದ ಕರುವಿನ ಹಾಗೆ ಮೂತಿ ಮೇಲಕ್ಕೆತ್ತಿ ನಿಂತು, ಬಾಲ ಕೆಳಗಾಗಿ ಬಿತ್ತು. ಮತ್ತೆ ಬಿಟ್ಟರು. ಈ ಸಲ ಹೆಡ್ಮಾಸ್ಟರ ಪೇಟದ ಮೇಲೆ ಬಿತ್ತು.

ಪಂಡಿತರು ಮೂತಿ ಹಿಡಿದು ನೋಡಿದರು. "ನಿಂಬೆಹಣ್ಣು ಎಲ್ಲಿ ಹೋಯ್ತು?"

"ಮೇಷ್ಟ್ರ ಜೇಬಲ್ಲಿ ಐತೆ ಸ್ವಾಮಿ. ಉಬ್ಬಿಕೊಂಡಿರಾದು ಕಾಣಾಕಿಲ್ವಾ?" ಎಂದ ಕೆಂಚಯ್ಯ.

ಹಣ್ಣು ಮತ್ತೆ ಮೂತಿಗೇರಿತು. ವಿಮಾನ ನೆಟ್ಟಗೆ ತೇಲಿ, ಕೆರೆಯಂಚನ್ನು ಬಳಸಿ, ಹುಲ್ಲಿನ ಮೇಲೆ ಮೆತ್ತಗೆ ಇಳಿಯಿತು. ಜನ ಚಪ್ಪಾಳೆ ತಟ್ಟಿ ಪಂಡಿತರ ಕಡೆ ನೋಡಿದರು.

ಪಾರ್ಥಸಾರಥಿಗೆ ಹೊಡೆದುಹಾಕಿದ ಸೀಸದ ಗುಂಡು ಆಗ ನೆನಪಾಯಿತು. "ಸಾರ್, ಮೂತಿಗೆ ಭಾರ ಬೇಕಿತ್ತು, ಅಷ್ಟೇ. ಹಣ್ಣಿನಷ್ಟೇ ತೂಕದ ಕಲ್ಲು ಕಟ್ಟಿದ್ರೂ ಹಾರುತ್ತೆ. ತೋರಿಸ್ತೀನಿ ನೋಡಿ."

"ತೋರಿಸಿ," ಎಂದರು ಗಂಗಾಧರಯ್ಯ.

ಮೇಷ್ಟ್ರು ಕಲ್ಲು ಹುಡುಕಿ ತಂದು, ಹಣ್ಣು ಬಿಚ್ಚಿ, ಕಲ್ಲು ಕಟ್ಟಿದರು. ಕೈ ಎತ್ತುವಷ್ಟರಲ್ಲಿ ಪಂಡಿತರು ಮುಂದೆ ಬಂದು ಕಲ್ಲಿಗೊಂದು ಬೊಟ್ಟಿಟ್ಟು, ನಾಲ್ಕು ಅಕ್ಷತೆ ಹಾಕಿದರು. "ಯಾವುದಕ್ಕೂ ಇರಲಿ," ಎಂದರು.

ವಿಮಾನ ಮೊದಲಿಗಿಂತಲೂ ದೂರ ಹಾರಿತು.

ಗಂಗಾಧರಯ್ಯ ಪಂಡಿತರಿಗೆ ಕೈಮುಗಿದರು. "ಕಲ್ಲನ್ನೂ ಹಾರಿಸಿಬಿಟ್ರಲ್ಲ. ಬೆಂಗಳೂರಿಗೆ ನೀವೇ ಹೋಗಿಬನ್ನಿ, ಮನೆಯವರನ್ನೂ ಕರ್ಕೊಂಡು. ನಿಮ್ಮ ಸಂಸ್ಕೃತದ ಪಾಠ ಪಾರ್ಥಸಾರಥಿ ನೋಡ್ಕೋತಾರೆ."

ಹೆಂಡತಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ, ಪರಿಚಯದವರು ಸಿಕ್ಕಾಗಲೆಲ್ಲ ಬೇರೆ ಬೀದಿಗೆ ತಿರುಗುತ್ತ, ಮೇಷ್ಟ್ರು ಕತ್ತಲಾಗುವ ಹೊತ್ತಿಗೆ ಮನೆ ಸೇರಿದರು. ಕೋಮಲವಲ್ಲಿ ಖಾಲಿ ಪೆಟ್ಟಿಗೆಯ ಮುಂದೆ ಕೂತಿದ್ದಳು.

"ಸೀರೆ ಎಲ್ಲಿ?" ಎಂದರು, ಬೇರೆ ಮಾತು ತೋಚದೆ.

"ಪಂಡಿತರ ಹೆಂಡ್ತಿ ಬಂದು ಇಸ್ಕೊಂಡ್ಹೋದ್ರು. ಪಟ್ಟಣಕ್ಕೆ ಉಟ್ಕೊಂಡು ಹೋಗೋಕೆ ಒಳ್ಳೇದು ಇಲ್ವಂತೆ."

"ನೀನು ಕೊಟ್ಟುಬಿಟ್ಯಾ?"

"ಕೊಡದೆ ಏನು ಮಾಡ್ಲಿ? ಸೀರೆಯಾದ್ರೂ ಬೆಂಗಳೂರು ನೋಡ್ಕೊಂಡು ಬರ್ಲಿ."