ಅಪ್ಪನ ಭಾನುವಾರದ ಕ್ಲಾಸು

ಮಕ್ಕಳನ್ನು ಬೆಳೆಸುವುದು ಹೇಗೆಂದು ಹೇಳಿಕೊಡುವವರಿಗೆ ನಗಲು ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾವು ಹೇಳಿದ ಪಾಠ ಹೇಳಿದ ಹಾಗೆಯೇ ಯಾರ ಮನೆಯನ್ನೂ ತಲುಪುವುದಿಲ್ಲ. ಹೈಸ್ಕೂಲಿನಿಂದ ನಿವೃತ್ತಳಾದ ಮೇಲೆ ನಾನು ಸವಳಂಗ ರಸ್ತೆಯಲ್ಲಿ, ಒಂದು ಔಷಧಿ ಅಂಗಡಿಯ ಮೇಲಿನ ಕೋಣೆಯಲ್ಲಿ, ಭಾನುವಾರ ಬೆಳಿಗ್ಗೆ ಅಪ್ಪ-ಅಮ್ಮಂದಿರಿಗೆ ಕ್ಲಾಸು ಮಾಡುತ್ತೇನೆ. ಹೆಸರಿಗಷ್ಟೇ ಅಪ್ಪ-ಅಮ್ಮಂದಿರು, ಬರುವವರೆಲ್ಲ ಅಮ್ಮಂದಿರೇ. ಈ ಸಲ ಒಬ್ಬ ಅಪ್ಪ ಬಂದು ಹಿಂದಿನ ಬೆಂಚಿನಲ್ಲಿ ಕೂತರು.

ಅಡಿಕೆ ಮಂಡಿಯಲ್ಲಿ ಅಡಿಕೆ ಆರಿಸಿ ದರ್ಜೆ ಮಾಡುವ ಕೆಲಸ ಅವರದು. ಮನೆ ರಾಗಿಗುಡ್ಡದ ಕಡೆ. ಒಂಬತ್ತನೇ ಕ್ಲಾಸಿನ ಮಗಳು ಇವರ ಜೊತೆ ಮಾತು ಬಿಟ್ಟಿದ್ದಳು. ಅವಳ ಹುಟ್ಟುಹಬ್ಬಕ್ಕೆ ಬಂದ ಗೆಳತಿಯರನ್ನೆಲ್ಲ ಇವರು ಸಾಲಾಗಿ ಕೂರಿಸಿ, ಗಣಿತದಲ್ಲಿ ಎಷ್ಟು ಬಂತೆಂದು ಒಬ್ಬೊಬ್ಬರನ್ನೇ ವಿಚಾರಿಸಿ, ಬುದ್ಧಿ ಹೇಳಿ, ಆಮೇಲೆ ಕೇಕ್ ಕತ್ತರಿಸಲು ಬಿಟ್ಟಿದ್ದರಂತೆ. ಅಂದಿನಿಂದ ಮಗಳದ್ದು ಏನಿದ್ದರೂ ತಾಯಿಯ ಮೂಲಕ: "ಅಪ್ಪನಿಗೆ ಹೇಳಮ್ಮ, ಊಟಕ್ಕೆ ಬರ್ಬೇಕಂತೆ."

"ಅವಳು ಒಂದು ಸಲ ಅಪ್ಪ ಅಂದ್ರೆ ಸಾಕು ಮೇಡಂ," ಎಂದರು.

ಹೊಗಳಿಕೆ

ಮೊದಲ ಪಾಠ, ಮಕ್ಕಳನ್ನು ಹೊಗಳುವುದು. "ಚೆನ್ನಾಗಿದೆ ಅಂತ ಸುಮ್ನೆ ಅಂದ್ಬಿಡಬೇಡಿ. ನೋಡಿ, ಯೋಚಿಸಿ, ಇಂಥದ್ದು ಹೀಗಿದೆ ಅಂತ ಬಿಡಿಸಿ ಹೇಳಿ," ಎಂದೆ.

ಅವರು ಮನೆಗೆ ಹೋಗಿ ಮಗಳ ವಿಜ್ಞಾನದ ಚಿತ್ರಗಳ ಪುಸ್ತಕ ಬಿಚ್ಚಿ, ದೀಪದ ಕೆಳಗೆ ಹಿಡಿದರು. ಹೃದಯದ ಚಿತ್ರ ನೋಡಿ, "ಇದು ಸರಕು" ಎಂದರು. ಮಂಡಿಯಲ್ಲಿ ಅದಕ್ಕಿಂತ ಮೇಲಿನ ದರ್ಜೆ ಇಲ್ಲ. ಹೂವಿನ ಚಿತ್ರಕ್ಕೆ "ಇದು ರಾಶಿ, ಪರವಾಗಿಲ್ಲ" ಎಂದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಕಪ್ಪೆಯ ಚಿತ್ರ ಬಂದಾಗ ಇಪ್ಪತ್ತು ವರ್ಷದ ವೃತ್ತಿಧರ್ಮ ಅಡ್ಡ ಬಂದು, "ಇದು ಗೊರಬಲು, ಕಡೇ ದರ್ಜೆ, ಬೇರೆ ಚೀಲಕ್ಕೆ" ಅಂದುಬಿಟ್ಟರು.

ಮಗಳು ಅಡುಗೆಮನೆಗೆ ಹೋದಳು. "ಅಪ್ಪನಿಗೆ ಹೇಳಮ್ಮ, ನನ್ನ ಪುಸ್ತಕ ಮಂಡಿಗೆ ಬಿಡೋಕೆ ಇಟ್ಟಿಲ್ಲ."

ಕೇಳಿಸಿಕೊಳ್ಳುವುದು

ಮುಂದಿನ ವಾರ, ಮಕ್ಕಳ ಮಾತು ಕೇಳುವುದು. ಮಧ್ಯೆ ಬಾಯಿ ಹಾಕಬಾರದು, ಅವರು ಹೇಳಿದ್ದನ್ನೇ ನಮ್ಮ ಬಾಯಲ್ಲಿ ಒಮ್ಮೆ ಹೇಳಬೇಕು, ಆಗ ನಾವು ಕೇಳಿಸಿಕೊಂಡಿದ್ದೇವೆಂದು ಅವರಿಗೆ ಗೊತ್ತಾಗುತ್ತದೆ. ಆದರೆ ಮಗಳು ಮಾತಾಡಿದರೆ ತಾನೆ? ಅಭ್ಯಾಸಕ್ಕೆಂದು ಅವರು ಭದ್ರಾವತಿಯಲ್ಲಿರುವ ತಾಯಿಯ ಮನೆಗೆ ಹೋದರು.

"ಸೊಂಟ ನೋವು ಕಣೋ," ಎಂದರು ತಾಯಿ.

"ನಿನಗೆ ಸೊಂಟ ನೋವಾಗ್ತಿದೆ."

"ಅದನ್ನೇ ಹೇಳಿದ್ದು. ಪಕ್ಕದ್ಮನೆಯವಳು ಕೇಳ್ದೆ ಕರಿಬೇವು ಕಿತ್ಕೊಂಡು ಹೋದ್ಲು."

"ಕೇಳ್ದೆ ಕಿತ್ತಿದ್ದಕ್ಕೆ ನಿನಗೆ ಬೇಜಾರಾಗಿದೆ."

ತಾಯಿ ದನಿ ಏರಿಸಿದರು. ಮಗ ಅದನ್ನೂ ತಿರುಗಿಸಿ ಹೇಳಿದ. ಕೊನೆಗೆ ಅವರು ಮಗನ ಗಲ್ಲ ಹಿಡಿದು, "ಯಾವಾಗಿಂದಪ್ಪ ನಿಂಗೆ ಕಿವಿ ಮಂದ ಆಗಿದ್ದು?" ಎಂದು ಕಣ್ಣೀರು ಹಾಕಿ, ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಎರಡೂ ಕಿವಿಗೆ ಬಿಟ್ಟು ಹತ್ತಿ ತುರುಕಿದರು.

ಮರುವಾರವೂ ಅವರು ಆ ಹತ್ತಿಯಲ್ಲೇ ಬಂದರು. ತಾಯಿಗೆ ಮಾತು ಕೊಟ್ಟಿದ್ದರಂತೆ. ಕೇಳಿಸಿಕೊಳ್ಳುವ ಪಾಠದಿಂದ ಏನು ಅನುಕೂಲವಾಯಿತೆಂದು ಕೇಳಿದೆ. "ಸ್ವಲ್ಪ ಜೋರಾಗಿ ಹೇಳಿ ಮೇಡಂ," ಎಂದರು.

ಆಯ್ಕೆ

ಹುಕುಂ ಮಾಡಬೇಡಿ, ಎರಡು ದಾರಿ ತೋರಿಸಿ ಆರಿಸಿಕೊಳ್ಳಲು ಬಿಡಿ ಎನ್ನುವುದು ಆ ದಿನದ ಪಾಠ. ಕ್ಲಾಸಿಗೆ ಬಸ್ಸಿನಲ್ಲಿ ಬರುವ ಒಬ್ಬ ತಾಯಿ ನಕ್ಕುಬಿಟ್ಟರು. ಅವರು ಅದನ್ನು ಆಗಲೇ ಮಾಡಿ ನೋಡಿದ್ದರು. ಹಾಲೆಂದರೆ ಮೂಗು ಮುರಿಯುವ ಐದು ವರ್ಷದ ಮಗನಿಗೆ, "ಸ್ಟೀಲ್ ಲೋಟದಲ್ಲಿ ಕುಡೀತೀಯೋ, ನೀಲಿ ಲೋಟದಲ್ಲೋ?" ಎಂದು ಕೇಳಿದ್ದರಂತೆ. ಅವನು ಎರಡೂ ಲೋಟ ತಿರುಗಿಸಿ ನೋಡಿ, "ಅಪ್ಪ ಕುಡೀತಾರೆ. ಯಾವ್ದರಲ್ಲಿ ಅಂತ ಅವ್ರನ್ನೇ ಕೇಳು," ಎಂದನಂತೆ.

ಎಲ್ಲರೂ ನಕ್ಕರು, ನಮ್ಮ ಮಂಡಿಯವರೊಬ್ಬರನ್ನು ಬಿಟ್ಟು. ಅವರು ಹತ್ತಿ ತೆಗೆದು ಕೇಳುತ್ತಿದ್ದರು. ಅಂದೇ ಸಂಜೆ ಹೆಂಡತಿಯ ಮೂಲಕ ಮಗಳಿಗೆ ಸವಾಲು ಹೋಯಿತು: ರಜೆ ದಿನ ಅಜ್ಜಿ ಮನೆಯೋ, ತ್ಯಾವರೆಕೊಪ್ಪದ ಹುಲಿ-ಸಿಂಹ ಸಫಾರಿಯೋ? ಉತ್ತರವೂ ಅದೇ ದಾರಿಯಲ್ಲಿ ಬಂತು. ಸಫಾರಿ.

ಬುದ್ಧಿವಾದ

ಹೊರಡುವ ಮುಂಚೆ ನನಗೆ ಫೋನ್ ಮಾಡಿದರು.

"ಸುಮ್ನೆ ಜೊತೇಲಿರಿ. ಬುದ್ಧಿವಾದ ಮಾತ್ರ ಬೇಡ," ಎಂದೆ.

"ಒಂದೂ ಬೇಡ್ವಾ ಮೇಡಂ?"

"ಒಂದೂ ಬೇಡ."

ಕಾಫಿ ಬಿಡಿ ಎಂದು ಡಾಕ್ಟರು ಹೇಳಿದಾಗ ಬರುವಂಥ ನಿಟ್ಟುಸಿರು ಕೇಳಿಸಿತು.

ಮುಂದಿನದು ಅವರೇ ಹೇಳಿದ್ದು. ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ಮಗಳು ಕಿಟಕಿಯಾಚೆ ಕೈ ಚಾಚಿದಳು, ನುಂಗಿಕೊಂಡರು. ತಿಂಡಿ ತಿನ್ನದೆ ಕುರುಕಲು ತಿಂದಳು, ಅದನ್ನೂ ನುಂಗಿಕೊಂಡರು. ಹೊಟ್ಟೆಯೊಳಗೆ ಬುದ್ಧಿವಾದ ಬೆಟ್ಟದಷ್ಟಾಯಿತು. ಸಫಾರಿ ಬಸ್ಸು ಒಳಗೆ ಹೋಗಿ ಒಂದು ತಿರುವಿನಲ್ಲಿ ನಿಂತಿತು. ದಾರಿಗಡ್ಡ ಸಿಂಹ ಮಲಗಿತ್ತು. ಡ್ರೈವರ್ ಎಂಜಿನ್ ಆರಿಸಿದ. ಜನ ಉಸಿರು ಬಿಗಿಹಿಡಿದರು. ಆಗ ಇವರ ಕಟ್ಟೆ ಒಡೆಯಿತು.

"ಏನಯ್ಯಾ, ಹೊತ್ತೆಷ್ಟಾಯ್ತು ನೋಡು. ಈ ವಯಸ್ಸಲ್ಲಿ ಹಿಂಗೆ ಬಿದ್ಕೊಂಡ್ರೆ ಮುಂದೇನ್ ಗತಿ? ನಾಲ್ಕು ಜನ ನೋಡ್ತಿದಾರೆ ಅನ್ನೋ ಜ್ಞಾನವಾದ್ರೂ ಬೇಡ್ವಾ? ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಸಿಂಹ ಒಂದು ಕಣ್ಣು ತೆರೆದು ನೋಡಿ, ಎದ್ದು, ಬೆನ್ನು ತಿರುಗಿಸಿ ಪೊದೆಯೊಳಗೆ ಹೋಯಿತು. ಬಸ್ಸಿಗೆ ಬಸ್ಸೇ ನಕ್ಕಿತು. ಮಗಳು ಮುಖ ಮುಚ್ಚಿಕೊಂಡು, ನಗು ತಡೆಯಲಾರದೆ ಅವರ ತೋಳು ಹಿಡಿದಳು.

"ಅಪ್ಪ, ಸಾಕು ಮಾರಾಯ. ಇನ್ನು ಅದೂ ಮಾತು ಬಿಡುತ್ತೆ."

ಅಲ್ಲಿಂದ ಶುರುವಾಯಿತಂತೆ. ಹುಟ್ಟುಹಬ್ಬದ ದಿನ ಮಾಡಿದ್ದು, ಗೆಳತಿಯರು ಶಾಲೆಯಲ್ಲಿ ಆಡಿಕೊಂಡಿದ್ದು, ಇವಳು ಅತ್ತಿದ್ದು, ಎಲ್ಲವನ್ನೂ ಎತ್ತಾಡಿ ಬೈದಳಂತೆ. ಹುಲಿ ಬಂತು, ಹೋಯಿತು. ಅಪ್ಪ-ಮಗಳು ಇಬ್ಬರೂ ಅದನ್ನು ನೋಡಲಿಲ್ಲ.

"ನೀವೇನಂದ್ರಿ?" ಎಂದು ಕೇಳಿದೆ.

"ತಪ್ಪಾಯ್ತು ಮಗಳೇ ಅಂದೆ. ಆದ್ರೂ ನಿಲ್ಲಿಸ್ಲಿಲ್ಲ ಮೇಡಂ. ಅಷ್ಟರಲ್ಲಿ ಬಸ್ಸು ಗೇಟಿಗೆ ಬಂದ್ಬಿಡ್ತು."

"ಆಮೇಲೆ?"

"ಇನ್ನೂ ಬೈಯೋದು ಬಾಕಿ ಇತ್ತಲ್ಲ ಮೇಡಂ. ಮತ್ತೆರಡು ಟಿಕೆಟ್ ತಗೊಂಡು ಇನ್ನೊಂದು ಸುತ್ತು ಹೋಗಿ ಬಂದ್ವಿ."