ನಮ್ಮ ಭಾವನವರೂ ಕಾಲುವೆ ದಂಡೆಯ ದೀಪವೂ

ಬೆಳಗಿನ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬುತ್ತಿತ್ತು. ಹೊರಗೆ ಇನ್ನೂ ಕತ್ತಲು. ಪಕ್ಕದ ಮನೆಯ ಖಾಜಾಬಿ ಏದುಸಿರು ಬಿಡುತ್ತಾ ಹಿತ್ತಲ ಬಾಗಿಲಿಗೆ ಬಂದಳು.

"ಅಕ್ಕಾ, ಜಲ್ದಿ ಬರ್ರಿ! ನಿಮ್ಮ ಸಾಹೇಬ್ರು ಜೀಪ್ ತಗೊಂಡು ನಿಮ್ಮ ಮಗಳ ಬೆನ್ನು ಹತ್ಯಾರ! ಕಾಲುವಿ ದಂಡಿ ಮ್ಯಾಲೆ ಹುಡುಗಿ ಓಡಾಕತ್ಯಾಳ, ಹಿಂದ ಇವರು!"

ಸಾಹೇಬ್ರು ಎಂದರೆ ನನ್ನ ಗಂಡನ ಅಣ್ಣ, ನಮ್ಮ ಭಾವನವರು. ಶಾಸಕರು. ಯಾವ ಪಕ್ಷ, ಯಾವ ಕ್ಷೇತ್ರ ಎಂದು ದಯವಿಟ್ಟು ಕೇಳಬೇಡಿ, ನಾನು ಇನ್ನೂ ಇದೇ ಮನೆಯಲ್ಲಿ ಬಾಳಬೇಕು! ಇಷ್ಟು ಮಾತ್ರ ಹೇಳುತ್ತೇನೆ: ಈ ದೇಶದ ಬಜೆಟ್ಟು, ಕರೆಂಟು, ಸೈನ್ಯ ಮೂರನ್ನೂ ಅವರು ಗಂಗಾವತಿಯ ನಮ್ಮ ಪಡಸಾಲೆಯಿಂದಲೇ ನಡೆಸುತ್ತಾರೆ. ದಿಲ್ಲಿಯವರಿಗೆ ಮಾತ್ರ ಇದು ಇನ್ನೂ ಗೊತ್ತಾಗಿಲ್ಲ.

ನಮ್ಮಲ್ಲಿ ಒಂದು ಪದ್ಧತಿ ಇದೆ. ತಮ್ಮನ ಹೆಂಡತಿ ಭಾವನ ಎದುರು ನಿಂತು ಮಾತಾಡುವ ಹಾಗಿಲ್ಲ. ಬೇವೂರಿನಿಂದ ಸೊಸೆಯಾಗಿ ಬಂದಾಗಿನಿಂದ ನಾನು ಅವರಿಗೆ ಹೇಳಬೇಕಾದ್ದನ್ನೆಲ್ಲ ಅಡುಗೆಮನೆಯ ಗೋಡೆಗೆ ಹೇಳಿದ್ದೇನೆ, ಇಲ್ಲವೇ ರೊಟ್ಟಿ ಬಡಿದು ತಿಳಿಸಿದ್ದೇನೆ. ಅವರ ಮಾತು ಒಪ್ಪಿಗೆಯಾದರೆ ಮೆಲ್ಲಗೆ ಬಡಿಯುತ್ತೇನೆ. ಆಗದಿದ್ದರೆ ಪಡಸಾಲೆಯ ತನಕ ಕೇಳಬೇಕು. "ವಿರೋಧ ಪಕ್ಷ ಎದ್ದೈತಿ ನೋಡಪಾ" ಎಂದು ಅವರು ನನ್ನ ಗಂಡನಿಗೆ ಹೇಳುತ್ತಾರೆ. ನನ್ನ ಗಂಡ ನಗುತ್ತಾರೆ. ಅವರದು ಯಾವಾಗಲೂ ಸಮ್ಮಿಶ್ರ ಸರ್ಕಾರ!

ಬಜೆಟ್ ಬಂದ ದಿನದ ಕಥೆ ಕೇಳಿ. ಊಟಕ್ಕೆ ಕೂತವರು ಬಿಸಿ ರೊಟ್ಟಿಯೊಂದನ್ನು ಎತ್ತಿ ಹಿಡಿದರು. "ಇಡೀ ರೊಟ್ಟಿ ನಮ್ಮ ದುಡಿಮಿ ಅಂತ ತಿಳಕೋರಿ. ಇಷ್ಟು ದಿಲ್ಲಿಗೆ ಹೋಗತೈತಿ" ಎಂದು ದೊಡ್ಡ ಪಾಲು ಹರಿದು ತಮ್ಮ ತಾಟಿನಲ್ಲಿಟ್ಟುಕೊಂಡರು. "ಇಷ್ಟು ನಮಗ ತಿರುಗಿ ಬರತೈತಿ" ಎಂದು ಬೆರಳಗಲದ ಚೂರನ್ನು ತಮ್ಮನ ತಾಟಿಗೆ ಹಾಕಿದರು. "ಇದು ಅನ್ಯಾಯ!" ಎಂದು ಗುಡುಗಿ, ದೊಡ್ಡ ಪಾಲನ್ನು ಎಣ್ಣೆಗಾಯಿಯ ಜೊತೆ ತಿಂದು ಮುಗಿಸಿದರು.

"ದೊಡ್ಡಪ್ಪಾ, ಹಂಗಾದ್ರ ದಿಲ್ಲಿ ಅಂದ್ರ ನೀವೇನ್ರಿ?" ಎಂದಳು ನನ್ನ ಮಗಳು.

ಅವಳ ಬಾಯಿ ನನ್ನದು. ಅದನ್ನು ಎದುರಿಗೇ ಆಡುವ ಧೈರ್ಯ ಮಾತ್ರ ಅವಳದೇ. ಅಂಥ ಮಗಳನ್ನು ಕೊಟ್ಟಿದ್ದಕ್ಕೆ ಹನುಮಪ್ಪನಿಗೆ ದಿನಾ ಒಂದು ಕೈ ಹೆಚ್ಚೇ ಮುಗಿಯುತ್ತೇನೆ.

ಕರೆಂಟಿನ ವಿಷಯ ಎತ್ತಿದರೆ ಅವರನ್ನು ಹಿಡಿಯುವವರಿಲ್ಲ. "ನಮ್ಮ ಯಲಬುರ್ಗಾ, ಕುಷ್ಟಗಿ ಗಾಳಿ ಐತಲ್ಲ, ಅದು ಬರೀ ಗಾಳಿ ಅಲ್ಲ, ಬಂಗಾರ! ಇನ್ನ ಮ್ಯಾಲೆ ನಾವು ದೇಶಕ್ಕ ಕರೆಂಟ್ ಮಾರಬೇಕು!" ಎಂದು ಒಂದು ಸಂಜೆ ತೊಡೆ ತಟ್ಟಿದರು. ತಟ್ಟಿದ ಸದ್ದಿಗೆ ಹೆದರಿತೋ ಏನೋ, ಕರೆಂಟು ಹೋಯಿತು. ಫ್ಯಾನು ನಿಂತಿತು, ಭಾಷಣ ನಿಲ್ಲಲಿಲ್ಲ. ಕತ್ತಲಲ್ಲೇ ಮಜ್ಜಿಗೆಯೆಂದು ತಿಳಿದು ಕೈ ತೊಳೆಯಲಿಟ್ಟ ನೀರು ಕುಡಿದರು! ಅದು ಶುದ್ಧ ನೀರಾಗಿತ್ತು, ದೇವರು ದೊಡ್ಡವನು.

ಈ ಮಾತಿಗೆ ನನಗೆ ಬರೀ ನಗು ಬರುವುದಿಲ್ಲ, ಮೈ ಉರಿಯುತ್ತದೆ. ನನ್ನ ತವರಿನ ಹೊಲದ ಬದುವಿನಾಚೆ ಆ ಗಾಳಿಯಂತ್ರಗಳು ಹಗಲೂ ರಾತ್ರಿ ತಿರುಗುತ್ತವೆ. ಕೆಳಗೆ ನನ್ನ ಅಣ್ಣನ ಮನೆಯಲ್ಲಿ ಮಕ್ಕಳು ಮೇಣದಬತ್ತಿ ಹಚ್ಚಿ ಓದುತ್ತವೆ. ಅದೂ ಹೋಗಲಿ, ಸ್ವತಃ ಶಾಸಕರ ಮನೆಯ ಹಿಂದೆ, ಕಾಲುವೆ ದಂಡೆಯ ಕಂಬಗಳಲ್ಲಿ ಒಂದೂ ದೀಪ ಹತ್ತುವುದಿಲ್ಲ. ದೇಶಕ್ಕೆ ಕರೆಂಟು ಮಾರುವವರಿಗೆ ಒಂದು ಬಲ್ಬು ಹಾಕಿಸಲಾಗುವುದಿಲ್ಲವೇ? ಗೋಡೆಗೆ ಎಷ್ಟು ಸಲ ಕೇಳಿದ್ದೇನೋ!

ಆದರೆ ನನ್ನ ಸಿಟ್ಟು ನಿಜವಾಗಿ ಕುದ್ದದ್ದು ಸೈನ್ಯದ ವಿಷಯಕ್ಕೆ.

ಶ್ರೀರಾಮನಗರದ ಒಂದು ಸಭೆಯಲ್ಲಿ ಭಾವನವರು ಮೇಜು ಕುಟ್ಟಿ ಕೂಗಿದರು: "ಸೈನ್ಯ ಗಟ್ಟಿ ಆಗಬೇಕು! ಮನಿಗೊಬ್ರು ಸೈನ್ಯಕ್ಕ ಹೋಗಬೇಕು!" ಎಲ್ಲರೂ ಚಪ್ಪಾಳೆ ತಟ್ಟಿದರು. ಹೆಂಗಸರ ಸಾಲಿನಲ್ಲಿ ನನ್ನ ಪಕ್ಕ ಕೂತಿದ್ದ ಮಗಳ ಮುಖ ಹಂಚಿನ ಮೇಲಿನ ರೊಟ್ಟಿಯ ಹಾಗೆ ಅರಳಿತು. ಸೈನ್ಯದ ಭರ್ತಿಗೆ ಹೋಗಬೇಕೆಂಬುದು ಅವಳ ಬಹಳ ದಿನದ ಆಸೆ. ಮನೆಗೆ ಬಂದವಳೇ ಎದುರು ನಿಂತಳು.

"ದೊಡ್ಡಪ್ಪಾ, ನಮ್ಮ ಮನಿಯಿಂದ ನಾನು ಹೋಗ್ತೀನ್ರಿ."

ಭಾವನವರು ಬಾಯಿಗೆ ಹಾಕಿದ ಅಡಿಕೆ ಅಗಿಯುವುದನ್ನೇ ನಿಲ್ಲಿಸಿದರು. "ನೀನು? ಹುಚ್ಚಿ! ಬಿ.ಎಡ್. ಮಾಡಿ ಸಾಲಿ ಟೀಚರ್ ಆಗು."

"ನೀವೇ ಅಂದ್ರಲ್ಲ, ಮನಿಗೊಬ್ರು ಅಂತ?"

"ಮನಿಗೊಬ್ರು ಅಂದೆ. ನಮ್ಮ ಮನಿಗೊಬ್ರು ಅಂದ್ನೇನು?"

ಅಂದು ನಾನು ರೊಟ್ಟಿ ಬಡಿದ ಬಿರುಸಿಗೆ ಕಲ್ಲು ಒಡೆಯಲಿಲ್ಲವಲ್ಲ, ಅದೊಂದು ಪುಣ್ಯ. ಮಂದಿ ಮಕ್ಕಳನ್ನು ಗಡಿಗೆ ಕಳಿಸಲು ಮೇಜು ಕುಟ್ಟುವುದು, ತನ್ನ ಮನೆಯ ಕೂಸು ಎದ್ದು ನಿಂತರೆ ಹುಚ್ಚಿ ಎನ್ನುವುದು! ನನ್ನ ಗಂಡನೋ, "ಅಣ್ಣ ಅಂದಂಗ" ಎಂದು ಎದ್ದು ಹೋದರು. ಅಣ್ಣ ಬೇಡ ಎಂದ ಮೇಲೆ ಈ ಮನೆಯಲ್ಲಿ ಯಾವುದೂ ನಡೆಯುವುದಿಲ್ಲ.

ಮಗಳು ಅಳಲಿಲ್ಲ. ಮರುದಿನ ಬೆಳಕು ಹರಿಯುವ ಮುಂಚೆ ಬೂಟು ಕಟ್ಟಿದಳು. ಓಟದಲ್ಲಿ ಪಾಸಾಗದಿದ್ದರೆ ಭರ್ತಿ ಇಲ್ಲವಂತೆ. ಯಾರಾದರೂ ಕೇಳಿದರೆ ಹನುಮಪ್ಪನ ಗುಡಿಗೆ ಹೋಗಿದ್ದಾಳೆ ಎನ್ನುತ್ತೇನೆ ಎಂದು ನಾನೇ ಹೇಳಿಕೊಟ್ಟೆ. ಆದರೆ ದೇವರ ಹೆಸರಲ್ಲಿ ಸುಳ್ಳು ಹೇಳಬಹುದೇ? "ಓಡ್ತಾ ಹೋಗಿ ಗಂಟಿ ಬಾರಿಸಿಯೇ ತಿರುಗು" ಎಂದೆ. ದಿನಾ ಕೈ ಹಿಟ್ಟಿನಲ್ಲಿದ್ದರೂ ಗಂಟೆ ಕೇಳುವ ತನಕ ನನ್ನ ಕಿವಿ ಹೊರಗೇ ಇರುತ್ತಿತ್ತು.

ಈಗ ಖಾಜಾಬಿ ಬಂದು ಹೀಗೆ ಹೇಳುತ್ತಿದ್ದಾಳೆ!

ಕೈಗೆ ಮೆತ್ತಿದ ಹಿಟ್ಟಿನಲ್ಲೇ ಓಡಿದೆ. ದಂಡೆಯ ಮೇಲೆ ಮಗಳು ಓಡಿ ಬರುತ್ತಿದ್ದಳು. ಹಿಂದೆ ಎರಡು ಕಣ್ಣು ತೆರೆದ ಜೀಪು. ಸೆರಗು ಸೊಂಟಕ್ಕೆ ಸಿಕ್ಕಿಸಿ ದಾರಿಗೆ ಅಡ್ಡ ನಿಂತೆ.

"ಯವ್ವಾ, ಬಾಜೂಕ ಸರಿ! ನನ್ನ ಟೈಮ್ ಹೋಗತೈತಿ!" ಎಂದು ಮಗಳು ನನ್ನನ್ನು ಬಳಸಿ ಓಡಿಯೇಬಿಟ್ಟಳು.

ಜೀಪು ನಿಂತಿತು. ಭಾವನವರು ತಾವೇ ಚಾಲಕ. ಬನಿಯನ್ನು, ತಲೆಗೆ ಟವೆಲ್ಲು. ನಾನು ಮೊದಲ ಸಲ ಅವರ ಮುಖ ನೋಡಿ ಮಾತಾಡಿದೆ.

"ಹುಡುಗಿನ್ನ ಅಟ್ಟಾಡಿಸಿ ತಡೀತೀರೇನ್ರಿ? ಮಂದಿ ಮಕ್ಳು ಹೋದ್ರ ದೇಶಸೇವಾ, ನಮ್ಮದು ಹೋದ್ರ ಹುಚ್ಚು? ನಾಚಿಕಿ ಬರೂದಿಲ್ಲೇನ್ರಿ ನಿಮಗ?"

ಅವರು ಸ್ಟೀರಿಂಗ್ ನೋಡುತ್ತಲೇ, "ತಡಿಯಾಕ ಬಂದಿಲ್ಲ ತಂಗೆವ್ವ" ಎಂದರು. "ಬೆಳಕು ಹಿಡಿಯಾಕ ಬಂದೀನಿ. ವಾರ ಆತು. ಕಂಬದ ದೀಪಕ್ಕ ಆಫೀಸಿನವರಿಗೆ ಹೇಳಿ ಹೇಳಿ ಸಾಕಾತು, ಯಾರೂ ನನ್ನ ಮಾತು ಕೇಳವಲ್ರು. ದಂಡಿ ಮ್ಯಾಲೆ ಹಾವು ಇರ್ತಾವ, ತೆಗ್ಗು ಅದಾವ. ನಿನಗ ಹೇಳಬ್ಯಾಡ ಅಂತ ನಾನ ಆ ಕೂಸಿಗೆ ಹೇಳಿದ್ದೆ."

ದಿಲ್ಲಿಯನ್ನು ನಡುಗಿಸುವವರ ಮಾತನ್ನು ಬಲ್ಬು ಹಾಕುವವರೂ ಕೇಳುವುದಿಲ್ಲ!

"ಹಂಗಾದ್ರ ಆಕಿ ಹೋಗಬಹುದೇನ್ರಿ?"

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು. "ಮನಿಗೊಬ್ರು ಅಂತ ಕೂಗುವಾಗ ನನ್ನ ಕಣ್ಣಮುಂದ ಯಾರ ಮುಖಾನೂ ಬರ್ತಿರಲಿಲ್ಲವ್ವ. ಈಗ ಈ ಕೂಸಿನ ಮುಖ ಬರತೈತಿ. ನಿನ್ನೆ ಸಭಾದಾಗ ಆ ಮಾತು ಬಾಯಿಗೆ ಬಂತು, ಹೊರಗ ಬರಲಿಲ್ಲ." ಗೇರ್ ಹಾಕುತ್ತಾ, "ಹೋಗಲಿ. ತಮ್ಮಗ ನಾ ಹೇಳ್ತೀನಿ. ಈಗ ಬಾಜೂಕ ಸರಿ, ಅದು ಕತ್ತಲಾಗ ಒಬ್ಬಾಕಿನ ಓಡಾಕತ್ತೈತಿ" ಎಂದರು.

ನಾನು ಸರಿದೆ. ಜೀಪು ಮೆಲ್ಲಗೆ ಮುಂದೆ ಹೋಯಿತು. ದೂರದಿಂದ ಅವರ ಕೂಗು ಕೇಳಿತು, "ಎಡಕ್ಕ, ಎಡಕ್ಕ! ತೆಗ್ಗು ಐತಿ!" ಆಮೇಲೆ ಗುಡಿಯ ಗಂಟೆ. ಎರಡು ಸಲ ಮೊಳಗಿತು. ಎರಡನೆಯದು ಯಾರದೆಂದು ನನಗೆ ಗೊತ್ತು.

ಮನೆಗೆ ಬಂದರೆ ಹಂಚಿನ ಮೇಲಿನ ರೊಟ್ಟಿ ಇದ್ದಿಲಾಗಿತ್ತು. ಹೊತ್ತಿದ್ದು ಒಂದೇ ರೊಟ್ಟಿ, ಹನುಮಪ್ಪನ ದಯೆ. ಅದನ್ನು ತೆಗೆದು ಹಂಚು ಒರೆಸಿದೆ. ಅಷ್ಟರಲ್ಲಿ ಪಡಸಾಲೆಯಲ್ಲಿ ಭಾವನವರ ದನಿ ಕೇಳಿತು. "ಯಾಕಪಾ, ಇವತ್ತು ವಿರೋಧ ಪಕ್ಷದ ಸಪ್ಪಳನ ಇಲ್ಲ?"

ಹಿಟ್ಟಿನ ಉಂಡೆ ಕಲ್ಲಿನ ಮೇಲಿಟ್ಟು ಮೆಲ್ಲಗೆ ಬಡಿಯತೊಡಗಿದೆ. ಕಿಟಕಿಯಾಚೆ ಕಂಬದ ದೀಪ ಇನ್ನೂ ಹತ್ತಿರಲಿಲ್ಲ. ಮತ್ತೆ ಸ್ವಲ್ಪ ಜೋರಾಗಿಯೇ ಬಡಿದೆ.