ಗೋವಿಂದಪ್ಪನವರು ಕೆಡಿಸದ ಸ್ಲೈಡುಗಳು

ಕೊಟ್ಟ ಪುಸ್ತಕ ವಾಪಸ್ಸು ಬರುವುದಿಲ್ಲ, ಕೊಟ್ಟ ಕೊಡೆ ವಾಪಸ್ಸು ಬರುವುದಿಲ್ಲ ಎಂದು ಜನ ಗೋಳಾಡುವುದನ್ನು ಕೇಳಿದ್ದೇನೆ. ನನ್ನ ಗೋಳು ಉಲ್ಟಾ. ನಾನು ಕೊಟ್ಟದ್ದು ಕೊಟ್ಟ ಹಾಗೆಯೇ, ಒಂದಕ್ಷರವೂ ಅಲುಗಾಡದೆ ವಾಪಸ್ಸು ಬಂತು. ಅದನ್ನು ನೋಡಿ ನನಗೆ ಊಟ ಸೇರಲಿಲ್ಲ ಎಂದರೆ ನೀವು ನಗುತ್ತೀರಿ. ನಗಿ, ನನ್ನ ಹೆಂಡತಿಯೂ ನಕ್ಕಳು.

ನಾನು ಹೊಸನಗರದ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವ ಮೇಷ್ಟ್ರು. ಪಕ್ಕದ ನಗರ ಎಂಬ ಊರಿನ ಕೋಟೆಯ ಬಗ್ಗೆ ಒಂದು ಸ್ಲೈಡ್ ಶೋ ಮಾಡಿದ್ದೇನೆ. ಮಾಡಿದ್ದು ನಾನು, ಕೆಡಿಸುತ್ತಿದ್ದದ್ದು ನಮ್ಮ ಡ್ರಾಯಿಂಗ್ ಮೇಷ್ಟ್ರು ಗೋವಿಂದಪ್ಪನವರು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಅಕ್ಷರಗಳೆಲ್ಲ ಮೇಲಿನಿಂದ ಧುಮುಕಲು ಶುರು ಮಾಡಿರುತ್ತಿದ್ದವು, ಕೆಳದಿಯ ಅರಸರ ಹಿಂದೆ ಗುಲಾಬಿ ಬಣ್ಣ ಹರಡಿರುತ್ತಿತ್ತು. ಇದು ಇತಿಹಾಸವೋ ಮದುವೆ ಕಾಗದವೋ ಎಂದು ನಾನು ರೇಗುತ್ತಿದ್ದೆ. ಮಕ್ಕಳು ಬಾಯಿ ಬಿಟ್ಟುಕೊಂಡು ನೋಡ್ತಾರಲ್ಲ ಎಂದು ಅವರು ಸಮಾಧಾನ ಹೇಳುತ್ತಿದ್ದರು. ಅದು ನಿಜವಾಗಿದ್ದರಿಂದಲೇ ನನಗೆ ಇನ್ನಷ್ಟು ಸಿಟ್ಟು.

ಈ ನಡುವೆ ಸಾಗರದಲ್ಲಿ ಶಿಕ್ಷಕರ ತರಬೇತಿ ಆಯಿತು. ನಮ್ಮ ಕಡೆ ತರಬೇತಿಯೆಂದರೆ ಊಟದ ಬಿಡುವಿನಲ್ಲಿ ಎಲ್ಲರದನ್ನೂ ಎಲ್ಲರೂ ಪೆನ್‌ಡ್ರೈವಿಗೆ ತುಂಬಿಕೊಳ್ಳುವುದು. ಕೊಡುವುದಿಲ್ಲ ಎಂದವನು ಜಿಪುಣ. ನಾನೂ ಕೊಟ್ಟು ಬಂದೆ. ಮುಂದಿನ ತರಬೇತಿಯಲ್ಲಿ ಒಬ್ಬ ಮಹನೀಯರು ನನ್ನದೇ ಸ್ಲೈಡುಗಳನ್ನು ನನಗೇ ತೋರಿಸಿದರು. ಹೆಸರು ಅವರದು. ಕೋಟೆಯ ಫೋಟೋದ ಮೂಲೆಯಲ್ಲಿ ನನ್ನ ಹೆಬ್ಬೆರಳು ಮಾತ್ರ ಹಾಗೇ ಉಳಿದಿತ್ತು. ಎಲ್ಲರ ಜೊತೆ ಚಪ್ಪಾಳೆ ತಟ್ಟಿ, ಮನೆಗೆ ಬಂದು ಪಾಸ್‌ವರ್ಡ್ ಜಡಿದೆ. ತೆರೆದು ನೋಡಬಹುದು, ತಿದ್ದುವಂತಿಲ್ಲ.

ಅದೇ ವರ್ಷ ಗೋವಿಂದಪ್ಪನವರಿಗೆ ತೀರ್ಥಹಳ್ಳಿಗೆ ವರ್ಗವಾಯಿತು. ಸ್ಟಾಫ್ ರೂಮಿನ ಅವರ ಕುರ್ಚಿಗೆ ಗಣಿತದವರು ಬಂದಿದ್ದಾರೆ. ಸಜ್ಜನರು, ಯಾರ ಫೈಲನ್ನೂ ಮುಟ್ಟುವುದಿಲ್ಲ. ನನ್ನ ಸ್ಲೈಡುಗಳು ಇಟ್ಟ ಹಾಗೇ ಇರುತ್ತವೆ, ಮಕ್ಕಳು ಆಕಳಿಸುತ್ತಾರೆ. ಗೋವಿಂದಪ್ಪನವರಿಲ್ಲದೆ ನನಗೆ ಶಾಲೆಯೇ ಬೇಜಾರಾಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಸಂಕೋಚ. ಸ್ಲೈಡುಗಳನ್ನು ವಾಟ್ಸ್‌ಆಪಿನಲ್ಲಿ ಕಳಿಸಿ, ಒಮ್ಮೆ ನೋಡಿ ಎಂದೆ. ಕೆಡಿಸಿ ಕಳಿಸಲಿ ಎಂಬ ಆಸೆ. ‘ಚೆನ್ನಾಗಿದೆ ಸರ್’ ಎಂಬ ಒಂದು ಸಾಲಿನೊಂದಿಗೆ ಹಾಗೆಯೇ ಮರಳಿ ಬಂದವು.

ಒಂದೆರಡು ದಿನ ಒಳಗೊಳಗೇ ಕುದಿದು ಕೊನೆಗೆ ಫೋನು ಮಾಡಿದೆ. ಯಾಕೆ ಏನೂ ಮಾಡಲಿಲ್ಲ ಎಂದು ಕೇಳಿದೆ.

‘ಬೀಗ ಹಾಕಿ ಕಳ್ಸಿದ್ರಲ್ಲ ಸರ್. ನನಗೂ ಸೇರಿ ಹಾಕಿದ್ದು ಅಂತ ಸುಮ್ಮನಾದೆ’ ಎಂದರು.

ದನಿಯಲ್ಲಿ ನೋವಿತ್ತು. ಕಳಿಸುವಾಗ ನನಗೆ ಪಾಸ್‌ವರ್ಡಿನ ನೆನಪೇ ಆಗಿರಲಿಲ್ಲ. ಬೀಗ ತೆಗೆದು ಮತ್ತೆ ಕಳಿಸಿದೆ.

ಮರುದಿನವೇ ಬಂತು. ಖುಷಿಯಲ್ಲಿ ನೋಡದೆಯೇ ತರಗತಿಯಲ್ಲಿ ಹಾಕಿದೆ. ಕೋಟೆಗೆ ಶತ್ರುಗಳು ಮುತ್ತಿಗೆ ಹಾಕುತ್ತಿರುವಾಗ ನಡುವೆ ಹಬೆಯಾಡುವ ಲೋಟವೊಂದು ಕುಣಿಯುತ್ತ ಬಂದು ‘ಈಗ ಐದು ನಿಮಿಷ ಬಿಡುವು’ ಎಂದಿತು. ಮಕ್ಕಳು ಹೋ ಎಂದು ಹೊರಗೆ ಓಡಿದರು. ಬಾಗಿಲಲ್ಲಿ ಹೆಡ್‌ಮಾಸ್ಟರು ನಿಂತಿದ್ದರು. ಲೋಟವನ್ನು ಅಳಿಸಲು ಹೋದರೆ ಫೈಲು ನನ್ನನ್ನೇ ಪಾಸ್‌ವರ್ಡ್ ಕೇಳಿತು. ಗೋವಿಂದಪ್ಪನವರು ತಮ್ಮದೊಂದು ಬೀಗ ಹಾಕಿ ಕಳಿಸಿದ್ದರು. ಮತ್ತೆ ಫೋನು ಮಾಡಿದೆ.

‘ಅದೆಲ್ಲ ಫೋನಲ್ಲಿ ಹೇಳೂದಲ್ಲ ಸರ್. ಭಾನುವಾರ ಮನೆಗೆ ಬನ್ನಿ, ಊಟಕ್ಕೆ. ಹೇಳ್ತೀನಿ.’

ಭಾನುವಾರ ತೀರ್ಥಹಳ್ಳಿಗೆ ಹೊರಟಿದ್ದೇನೆ. ಶಾಲೆಯ ಕೆಲಸ, ಫೈಲಿನ ಭದ್ರತೆಯ ವಿಷಯ, ಹೋಗದೆ ವಿಧಿಯಿಲ್ಲ ಎಂದು ಮನೆಯಲ್ಲಿ ಗಂಭೀರವಾಗಿ ಹೇಳಿದ್ದೇನೆ. ಲೋಟವಿಲ್ಲದ ಮೂಲ ಪ್ರತಿ ನನ್ನ ಕಂಪ್ಯೂಟರಿನಲ್ಲೇ ಭದ್ರವಾಗಿದೆ ಎಂಬುದನ್ನು ಯಾರಿಗೂ ಹೇಳಿಲ್ಲ. ಗೋವಿಂದಪ್ಪನವರಿಗಂತೂ ಹೇಳಬೇಕಾಗಿಯೇ ಇಲ್ಲ.